ಶುದ್ಧ ಗಾಳಿಯ ಸಾಧಕಿ ಫ್ಲಾರೆನ್ಸ್ ನೈಟಿಂಗೇಲ್

ಮನುಷ್ಯನು ಅನ್ನವಿಲ್ಲದೆ ಕೆಲವು ವಾರ ಬದುಕಿಯಾನು. ನೀರಿಲ್ಲದೆ ಕೆಲವು ದಿನ ಬದುಕಿಯಾನು. ಗಾಳಿಯಿಲ್ಲದೆ ಕೆಲವು ನಿಮಿಷ ಬದುಕುವುದೂ ಕಷ್ಟ. ಆದರೂ ಅನ್ನ ನೀರುಗಳ ವಿಷಯದಲ್ಲಿ ನಾವು ವಹಿಸುವ ಎಚ್ಚರವನ್ನು ಗಾಳಿಯ ವಿಷಯದಲ್ಲಿ ವಹಿಸುವುದಿಲ್ಲ. ಮನೆಯಲ್ಲಿ ಯಾರಾದರೂ ಕಾಯಿಲೆ ಮಲಗಿದರೆ ಮೊದಲು ಕಿಟಕಿಗಳನ್ನು ಮುಚ್ಚುತ್ತೇವೆ. ರಾತ್ರಿಯ ಗಾಳಿ ಒಳ್ಳೆಯದೆ, ಕೆಟ್ಟದ್ದೆ? ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವಬಹುದೆ? ರೋಗಿಯ ಹಾಸಿಗೆಯ ಬಟ್ಟೆಯನ್ನು ಎಲ್ಲಿ ಒಗೆಯಬೇಕು, ಎಲ್ಲಿ ಒಣಗಿಸಬೇಕು? ಇಂಥವೆಲ್ಲ ಮನೆಯ ಹೆಣ್ಣುಮಕ್ಕಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮಾತನಾಡಿಕೊಳ್ಳುವ ಚಿಲ್ಲರೆ ಪ್ರಶ್ನೆಗಳೆಂದು ವಿದ್ಯಾವಂತರು ಕಡೆಗಣಿಸುವುದುಂಟು. ಈ ಚಿಲ್ಲರೆ ಪ್ರಶ್ನೆಗಳ ಉತ್ತರದಲ್ಲಿ ಸಾವಿರಾರು ಜನರ ಪ್ರಾಣವಿದೆಯೆಂಬುದನ್ನು ಅಂಕಿ ಅಂಶಗಳ ಸಹಿತ ಸಿದ್ಧಮಾಡಿ, ಅವನ್ನು ಮಂತ್ರಿಗಳ ಮೇಜಿನ ಮೇಲಿಟ್ಟ ಮಹಿಳೆ ಫ್ಲಾರೆನ್ಸ್ ನೈಟಿಂಗೇಲ್.

ದೀಪವನ್ನು ಹಿಡಿದು ರಾತ್ರಿಯ ಹೊತ್ತು ಗಾಯಾಳುಗಳ ನಡುವೆ ನಡೆದಾಡಿದ ಕರುಣಾಮಯಿ ಎಂದಷ್ಟೇ ಆಕೆಯನ್ನು ನಮ್ಮ ಮಕ್ಕಳು ಪಾಠದ ಪುಸ್ತಕಗಳಲ್ಲಿ ಓದಿರುತ್ತಾರೆ. ಆ ಚಿತ್ರ ಸುಳ್ಳಲ್ಲ. ಆದರೆ ದೀಪವನ್ನು ಹಿಡಿದ ಕಾಲ ಆಕೆಯ ತೊಂಬತ್ತು ವರ್ಷಗಳ ಬಾಳಿನಲ್ಲಿ ಎರಡು ವರ್ಷವೂ ಪೂರ್ತಿಯಾಗಿಲ್ಲ. ಉಳಿದ ದೀರ್ಘಕಾಲದ ಕಥೆ ಲೇಖನಿಯದು, ಲೆಕ್ಕದ್ದು, ತೆರೆದ ಕಿಟಕಿಯದು.

ಇಂಗ್ಲೆಂಡಿನ ಸಿರಿವಂತ ಮನೆತನವೊಂದರಲ್ಲಿ, ತಂದೆತಾಯಿಗಳು ಇಟಲಿಯಲ್ಲಿ ಪ್ರವಾಸದಲ್ಲಿದ್ದಾಗ, 1820ರ ಮೇ 12ರಂದು ಫ್ಲಾರೆನ್ಸ್ ನಗರದಲ್ಲಿ ಆಕೆ ಹುಟ್ಟಿದಳು. ಹುಟ್ಟಿದ ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಒಂದು ವರ್ಷ ಹಿರಿಯಳಾದ ಅಕ್ಕ ನೇಪಲ್ಸ್ ನಗರದಲ್ಲಿ ಹುಟ್ಟಿದ್ದರಿಂದ ಆ ನಗರದ ಪುರಾತನ ಗ್ರೀಕ್ ನಾಮವಾದ ಪಾರ್ಥನೋಪೆ ಎಂಬುದು ಅವಳ ಹೆಸರಾಯಿತು. ತಂದೆ ವಿಲಿಯಂ ನೈಟಿಂಗೇಲ್ ವಿದ್ಯಾಪ್ರಿಯರು. ತಾಯಿ ಫ್ರಾನ್ಸಿಸ್ ಅತಿಥಿ ಸತ್ಕಾರ, ಕುಲಗೌರವಗಳಲ್ಲಿ ಆಸಕ್ತಿಯುಳ್ಳವರು. ಡರ್ಬಿಷೈರಿನಲ್ಲಿ ಲೀ ಹರ್ಸ್ಟ್, ಹ್ಯಾಂಪ್‌ಷೈರಿನಲ್ಲಿ ಎಂಬ್ಲಿ ಪಾರ್ಕ್ ಎಂಬ ಎರಡು ಮನೆಗಳು ಅವರಿಗಿದ್ದವು. ಹೆಣ್ಣುಮಕ್ಕಳಿಗೆ ಸಂಗೀತ, ಹೊಲಿಗೆಗಳೇ ಸಾಕೆಂದು ಜನ ಭಾವಿಸಿದ್ದ ಆ ಕಾಲದಲ್ಲಿ ತಂದೆ ತಾವೇ ಗುರುವಾಗಿ ಕುಳಿತು ಮಕ್ಕಳಿಗೆ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ತ್ವಶಾಸ್ತ್ರಗಳನ್ನು ಕಲಿಸಿದರು. ಕಿರಿಯಳ ಮನಸ್ಸು ಗಣಿತದ ಕಡೆಗೆ ಒಲಿಯಿತು. ಲೆಕ್ಕದ ಮೇಲಿನ ಈ ಪ್ರೀತಿಯೇ ಮುಂದೆ ಆಕೆಯ ಕೈಯಲ್ಲಿ ಆಯುಧವಾಗಲಿತ್ತು.

ಹದಿನೇಳನೆಯ ವಯಸ್ಸಿಗೆ ಕಾಲಿಡುತ್ತಿದ್ದಾಗ, 1837ರ ಫೆಬ್ರವರಿಯಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆಗೆ ಅನ್ನಿಸಿತು. ಯಾವ ಸೇವೆ ಎಂಬುದು ಸ್ಪಷ್ಟವಾಗಲು ಮತ್ತೆ ಹಲವು ವರ್ಷಗಳು ಹಿಡಿದವು. ಹಳ್ಳಿಯ ಬಡವರ ಗುಡಿಸಲುಗಳಲ್ಲಿ ರೋಗಿಗಳನ್ನು ನೋಡಿದಂತೆಲ್ಲ ಆಕೆಯ ದಾರಿ ನಿಚ್ಚಳವಾಯಿತು. 1845ರಲ್ಲಿ ಸಮೀಪದ ಸಾಲ್ಸ್‌ಬರಿಯ ಆಸ್ಪತ್ರೆಗೆ ಹೋಗಿ ಶುಶ್ರೂಷೆಯನ್ನು ಕಲಿಯುವೆನೆಂದು ಮನೆಯಲ್ಲಿ ತಿಳಿಸಿದಾಗ ದೊಡ್ಡ ಕೋಲಾಹಲವೇ ಆಯಿತು. ಆ ಕಾಲದ ಆಸ್ಪತ್ರೆಗಳು ಬಡವರು ಸಾಯಲು ಹೋಗುವ ಸ್ಥಳಗಳಾಗಿದ್ದವು. ದುರ್ನಾತ, ಕುಡಿತ, ಕೊಳಕುಗಳಿಗೆ ಹೆಸರಾಗಿದ್ದವು. ದಾದಿಯ ವೃತ್ತಿಗೆ ಮಾನವಂತ ಮನೆತನದ ಹೆಣ್ಣು ಹೋಗುವಳೆಂಬುದನ್ನು ತಾಯಿಯಾಗಲಿ ಅಕ್ಕನಾಗಲಿ ಕಲ್ಪಿಸಿಕೊಳ್ಳಲೂ ಸಿದ್ಧರಿರಲಿಲ್ಲ. ಫ್ಲಾರೆನ್ಸ್ ಹಟಹಿಡಿದು ಮನೆ ಬಿಟ್ಟು ಹೋಗಲಿಲ್ಲ; ಹಟವನ್ನು ಬಿಡಲೂ ಇಲ್ಲ. ಬೆಳಗಾಗುವ ಮೊದಲೇ ಎದ್ದು, ಮೋಂಬತ್ತಿಯ ಬೆಳಕಿನಲ್ಲಿ ಆಸ್ಪತ್ರೆಗಳ ವರದಿಗಳನ್ನು ಓದಿ ಟಿಪ್ಪಣಿ ಮಾಡಿ, ಉಪಾಹಾರದ ಹೊತ್ತಿಗೆ ಏನೂ ಅರಿಯದ ಗೃಹಸ್ಥರ ಮಗಳಂತೆ ಕೆಳಗಿಳಿದು ಬರುತ್ತಿದ್ದಳು. ತನ್ನನ್ನು ಹಲವು ವರ್ಷ ಮೆಚ್ಚಿ ಕಾದಿದ್ದ ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ ಎಂಬ ಸಜ್ಜನನ ಕೈಹಿಡಿಯಲು 1849ರಲ್ಲಿ ನಿರಾಕರಿಸಿದಳು. ಆತನ ಮೇಲೆ ಆಕೆಗೆ ಪ್ರೀತಿಯಿತ್ತು. ಆದರೆ ಔತಣಗಳನ್ನು ಏರ್ಪಡಿಸುವ ಗೃಹಿಣಿಯಾಗಿ ಆಯುಷ್ಯ ಕಳೆಯುವುದು ತನ್ನಿಂದಾಗದೆಂಬ ಅರಿವೂ ಇತ್ತು.

1850ರಲ್ಲಿ ಈಜಿಪ್ಟ್, ಗ್ರೀಸ್ ದೇಶಗಳ ಪ್ರವಾಸವನ್ನು ಮುಗಿಸಿ ಹಿಂದಿರುಗುವಾಗ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಪಾದ್ರಿ ಫ್ಲೀಡ್ನರ್ ನಡೆಸುತ್ತಿದ್ದ ಸೇವಾಶ್ರಮವನ್ನು ಕಂಡಳು. ಮರುವರ್ಷ ಅಲ್ಲಿಯೇ ಮೂರು ತಿಂಗಳಿದ್ದು ರೋಗಿಗಳ ಆರೈಕೆಯನ್ನು ಕಲಿತಳು. 1853ರ ಆಗಸ್ಟಿನಲ್ಲಿ ಲಂಡನ್ನಿನ ಹಾರ್ಲಿ ಬೀದಿಯಲ್ಲಿ ಬಡ ಕುಲೀನ ಸ್ತ್ರೀಯರಿಗಾಗಿ ಇದ್ದ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದಳು. ಆಗ ತಂದೆ ಮನಸ್ಸು ಕರಗಿ ಮಗಳಿಗೆ ವರ್ಷಕ್ಕೆ 500 ಪೌಂಡುಗಳ ಸ್ವತಂತ್ರ ಆದಾಯವನ್ನು ಗೊತ್ತುಮಾಡಿದರು. ಮೂವತ್ತಮೂರು ವರ್ಷಗಳ ಕಾಯುವಿಕೆ ಅಲ್ಲಿಗೆ ಮುಗಿಯಿತು.

1854ರ ಮಾರ್ಚಿನಲ್ಲಿ ಬ್ರಿಟನ್ನು ಮತ್ತು ಫ್ರಾನ್ಸು ತುರ್ಕಿಯ ಪಕ್ಷವಹಿಸಿ ರಷ್ಯದ ಮೇಲೆ ಯುದ್ಧ ಸಾರಿದವು. ಕಾಳಗ ನಡೆದದ್ದು ಕ್ರಿಮಿಯ ಪರ್ಯಾಯದ್ವೀಪದಲ್ಲಿ. ಗಾಯಗೊಂಡ ಸೈನಿಕರನ್ನು ಹಡಗುಗಳಲ್ಲಿ ತುಂಬಿ ಕಪ್ಪು ಸಮುದ್ರವನ್ನು ದಾಟಿಸಿ, ಇಸ್ತಾಂಬುಲಿನ ಎದುರು ದಡದ ಸ್ಕುಟಾರಿಗೆ ತರುತ್ತಿದ್ದರು. ಅಲ್ಲಿ ಬ್ಯಾಂಡೇಜು ಇಲ್ಲ, ನೋಡಿಕೊಳ್ಳುವವರಿಲ್ಲ ಎಂಬ ಸುದ್ದಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಬಂದಾಗ ಇಡೀ ದೇಶವೇ ಕ್ಷೋಭೆಗೊಂಡಿತು. ಯುದ್ಧ ಇಲಾಖೆಯ ಸಚಿವ ಸಿಡ್ನಿ ಹರ್ಬರ್ಟ್ ನೈಟಿಂಗೇಲಳ ಆಪ್ತಮಿತ್ರರು. ಅವರ ಕೋರಿಕೆಯಂತೆ 38 ಮಂದಿ ದಾದಿಯರ ತಂಡದೊಡನೆ ಆಕೆ ಅಕ್ಟೋಬರ್ 21ರಂದು ಹೊರಟು, ನವೆಂಬರ್ 4ರಂದು ಸ್ಕುಟಾರಿಯನ್ನು ತಲುಪಿದಳು.

ತುರ್ಕರ ಸೈನ್ಯದ ವಸತಿಯಾಗಿದ್ದ ಆ ಮಹಾಕಟ್ಟಡ ಹೊರಗಿನಿಂದ ಅರಮನೆಯಂತೆ ಕಾಣುತ್ತಿತ್ತು. ಒಳಗೆ ಕಾಲಿಟ್ಟರೆ ನರಕ. ಮೈಲುಗಟ್ಟಲೆ ಉದ್ದದ ಓಣಿಗಳಲ್ಲಿ ನೆಲದ ಮೇಲೆಯೇ ರೋಗಿಗಳ ಸಾಲು. ಅವರ ಮೈಮೇಲೆ ಯುದ್ಧಭೂಮಿಯ ರಕ್ತ ಮಣ್ಣುಗಳಿಂದ ಗಡುಸಾದ ಬಟ್ಟೆ. ಬಟ್ಟೆಯ ತುಂಬ ಹೇನು. ಹಾಸಲು ಕೊಟ್ಟಿದ್ದ ಹೊದಿಕೆಗಳು ಹಡಗಿನ ಹಾಯಿಬಟ್ಟೆಯಂತೆ ಒರಟಾಗಿದ್ದವು. ತಮ್ಮ ಹಳೆಯ ಕಂಬಳಿಯಲ್ಲಿಯೇ ಇರಲು ಬಿಡಬೇಕೆಂದು ಗಾಯಾಳುಗಳು ಬೇಡಿಕೊಳ್ಳುತ್ತಿದ್ದರು. ಸೈನ್ಯದ ವೈದ್ಯರು ಮೊದಲು ಈ ಹೆಂಗಸರನ್ನು ಒಳಗೆ ಸೇರಿಸಿಕೊಳ್ಳಲು ಮನಸ್ಸು ಮಾಡಲಿಲ್ಲ. ನೈಟಿಂಗೇಲ್ ಜಗಳಕ್ಕೆ ಹೋಗದೆ, ವೈದ್ಯರು ಕರೆಯುವವರೆಗೆ ಯಾರೂ ರೋಗಿಯನ್ನು ಮುಟ್ಟಕೂಡದೆಂದು ತನ್ನ ತಂಡಕ್ಕೆ ಕಟ್ಟಪ್ಪಣೆ ಮಾಡಿದಳು. ಬಹಳ ದಿನ ಕಾಯಬೇಕಾಗಲಿಲ್ಲ. ಆಕೆ ಬಂದ ಮರುದಿನವೇ ಇಂಕರ್‌ಮನ್ ಕಾಳಗ ನಡೆಯಿತು. ಗಾಯಾಳುಗಳ ಪ್ರವಾಹದ ಮುಂದೆ ವೈದ್ಯರ ಬಿಗುಮಾನ ನಿಲ್ಲಲಿಲ್ಲ.

ಆಕೆಯ ಗಮನ ಮೊದಲು ಹರಿದದ್ದು ಬಟ್ಟೆಯ ಮೇಲೆ. ಒಗೆಯುವ ಕೆಲಸವನ್ನು ಸೈನ್ಯ ಗುತ್ತಿಗೆಗೆ ಕೊಟ್ಟಿತ್ತು. ಒಗೆಯಲು ಹೋದ ಅಂಗಿ ಹಿಂದಿರುಗಿ ಬರುವ ಭರವಸೆಯಿರಲಿಲ್ಲ. ಬಂದರೂ ತಣ್ಣೀರಿನಲ್ಲಿ ಅದ್ದಿ ತೆಗೆದ ಬಟ್ಟೆಯಲ್ಲಿ ಹೇನುಗಳು ಹಾಗೆಯೇ ಇರುತ್ತಿದ್ದವು. ಸಾಂಕ್ರಾಮಿಕ ಜ್ವರದವನ ಹೊದಿಕೆಯೂ ಗಾಯಾಳುವಿನ ಹೊದಿಕೆಯೂ ಒಂದೇ ರಾಶಿಯಲ್ಲಿ ಬೀಳುತ್ತಿದ್ದವು. ಆಕೆ ಆಸ್ಪತ್ರೆಯ ಬಳಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದಳು. ಸೈನ್ಯದ ಎಂಜಿನಿಯರುಗಳಿಂದ ಅದರಲ್ಲಿ ನೀರು ಕುದಿಸುವ ದೊಡ್ಡ ಹಂಡೆಗಳನ್ನು ಹೂಡಿಸಿದಳು. ಗಂಡಂದಿರ ಬೆನ್ನುಹತ್ತಿ ಬಂದು, ಗತಿಯಿಲ್ಲದೆ ನೆಲಮಾಳಿಗೆಯಲ್ಲಿ ಬಿದ್ದಿದ್ದ ಸೈನಿಕರ ಹೆಂಡಂದಿರಿಗೆ ಅಲ್ಲಿ ಕೂಲಿ ಕೊಟ್ಟು ಕೆಲಸ ಹಚ್ಚಿದಳು. ಖರ್ಚಿಗೆ ಟೈಮ್ಸ್ ಪತ್ರಿಕೆಯ ಓದುಗರು ಕೂಡಿಸಿದ ನಿಧಿಯೂ ಆಕೆಯ ಕೈಹಣವೂ ಒದಗಿದವು. ಹಸಿದವರಿಗೆ ದುಡಿಮೆ ಸಿಕ್ಕಿತು, ರೋಗಿಗಳಿಗೆ ಮಡಿಬಟ್ಟೆ ಸಿಕ್ಕಿತು. ನೆಲ ಉಜ್ಜಲು ಕುಂಚ, ಮೈ ತೊಳೆಯಲು ಸಾಬೂನು, ಒರೆಸಲು ಟವಲು, ಉಣ್ಣಲು ತಟ್ಟೆ ಚಮಚ ಇವನ್ನೆಲ್ಲ ಸರ್ಕಾರದ ಉಗ್ರಾಣದ ಬಾಗಿಲು ತೆರೆಯುವುದನ್ನು ಕಾಯದೆ ಪೇಟೆಯಿಂದ ಕೊಂಡು ತರಿಸಿದಳು.

ಅದೇ ನವೆಂಬರ್ 14ರಂದು ಬಾಲಕ್ಲಾವದ ರೇವಿನ ಮೇಲೆ ಭಯಂಕರವಾದ ಬಿರುಗಾಳಿ ಎದ್ದಿತು. ಸೈನ್ಯದ ಡೇರೆಗಳು ಹಾರಿಹೋದವು. ಚಳಿಗಾಲದ ಉಡುಪುಗಳನ್ನು ತುಂಬಿ ತಂದಿದ್ದ ಪ್ರಿನ್ಸ್ ಎಂಬ ಹಡಗು ಬಂಡೆಗೆ ಬಡಿದು ಮುಳುಗಿತು. ಮೈಮೇಲೆ ಬಟ್ಟೆಯಿಲ್ಲದ ಸೈನಿಕರು ಹಿಮದಲ್ಲಿ ನಿಂತು ಕಾದಿ, ಹಿಮಹುಣ್ಣು, ಅತಿಸಾರ, ಜ್ವರಗಳಿಂದ ಬಿದ್ದು ಸ್ಕುಟಾರಿಗೆ ಬಂದರು. ಆ ಚಳಿಗಾಲದ ರಾತ್ರಿಗಳಲ್ಲಿಯೇ ನೈಟಿಂಗೇಲ್ ದೀಪವನ್ನು ಹಿಡಿದು ಓಣಿಯಿಂದ ಓಣಿಗೆ ನಡೆದದ್ದು. ಸಾಯುವವರ ಬಳಿ ಕುಳಿತು ಅವರ ಮನೆಗಳಿಗೆ ಓಲೆ ಬರೆದದ್ದು.

ಆದರೆ ಸಾವು ನಿಲ್ಲಲಿಲ್ಲ. ಮಡಿಬಟ್ಟೆ ಬಂದಿತ್ತು, ಬಿಸಿ ಗಂಜಿ ಬಂದಿತ್ತು, ಶುಶ್ರೂಷೆ ಬಂದಿತ್ತು. ಸಾಯುವವರ ಸಂಖ್ಯೆ ಮಾತ್ರ ದಿನದಿನಕ್ಕೆ ಏರಿತು. 1855ರ ಫೆಬ್ರವರಿಯಲ್ಲಿ ಆಸ್ಪತ್ರೆಗೆ ಸೇರಿದ ನೂರು ಮಂದಿಯಲ್ಲಿ ಸುಮಾರು 42 ಮಂದಿ ಸತ್ತರು. ಅವರಲ್ಲಿ ಗಾಯದಿಂದ ಸತ್ತವರು ಕೆಲವರೇ. ಜ್ವರ, ಅತಿಸಾರ, ಕಾಲರಾಗಳಿಂದ ಸತ್ತವರೇ ಬಹುಮಂದಿ.

ಮಾರ್ಚಿನಲ್ಲಿ ಡಾಕ್ಟರ್ ಜಾನ್ ಸದರ್ಲೆಂಡ್, ಎಂಜಿನಿಯರ್ ರಾಬರ್ಟ್ ರಾಲಿನ್‌ಸನ್ ಮೊದಲಾದವರಿದ್ದ ಆರೋಗ್ಯ ಸಮಿತಿಯೊಂದು ಲಂಡನ್ನಿನಿಂದ ಬಂದಿತು. ಅವರು ರೋಗಿಗಳನ್ನು ನೋಡುವುದಕ್ಕೆ ಮೊದಲು ನೆಲವನ್ನು ಅಗೆಸಿದರು. ಇಡೀ ಕಟ್ಟಡ ನಿಂತದ್ದು ಕಟ್ಟಿಕೊಂಡು ಕೊಳೆತ ಒಳಚರಂಡಿಗಳ ಮೇಲೆ. ಸಮುದ್ರದ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಚರಂಡಿಯ ದುರ್ವಾಯು ಪಾಯಖಾನೆಗಳ ಕೊಳವೆಗಳ ಮೂಲಕ ಮೇಲೇರಿ ರೋಗಿಗಳು ಮಲಗಿದ್ದ ಓಣಿಗಳನ್ನು ತುಂಬುತ್ತಿತ್ತು. ಅದು ಹೊರಗೆ ಹೋಗಲು ಕಿಟಕಿಗಳಾಗಲಿ ಮಾಡಿನ ಕಿಂಡಿಗಳಾಗಲಿ ಸಾಕಷ್ಟು ಇರಲಿಲ್ಲ. ಕುಡಿಯುವ ನೀರಿನ ಕಾಲುವೆಯಲ್ಲಿ ಸತ್ತ ಕುದುರೆಯ ಕಳೇಬರ ಸಿಕ್ಕಿತು. ಮೊದಲ ಎರಡು ವಾರಗಳಲ್ಲಿಯೇ 500ಕ್ಕೂ ಹೆಚ್ಚು ಕೈಗಾಡಿ ಕಸವನ್ನು ಹೊರಹಾಕಿದರು. ಚರಂಡಿಗಳನ್ನು ತೊಳೆಸಿದರು, ಗೋಡೆಗಳಿಗೆ ಸುಣ್ಣ ಹೊಡೆಸಿದರು, ಗಾಳಿ ಆಡಲು ಕಿಂಡಿಗಳನ್ನು ತೆರೆಸಿದರು, ಹಾಸಿಗೆಗಳ ನಡುವೆ ಅಂತರ ಬಿಡಿಸಿದರು. ಜೂನ್ ತಿಂಗಳ ವೇಳೆಗೆ ನೂರಕ್ಕೆ 42 ಆಗಿದ್ದ ಸಾವು ನೂರಕ್ಕೆ 2ರ ಮಟ್ಟಕ್ಕೆ ಇಳಿದಿತ್ತು.

ಆ ಮೇ ತಿಂಗಳಿನಲ್ಲಿ ಕ್ರಿಮಿಯದ ಆಸ್ಪತ್ರೆಗಳನ್ನು ನೋಡಲು ಹೋದ ನೈಟಿಂಗೇಲ್ ಅಲ್ಲಿ ಭಾರಿ ಜ್ವರದಿಂದ ಮಲಗಿ ಸಾವಿನ ಬಾಗಿಲವರೆಗೆ ಹೋಗಿ ಬಂದಳು. ಆ ಕಾಯಿಲೆಯ ಬೇರು ಮೈಯಿಂದ ಬಹುಕಾಲ ಹೋಗಲಿಲ್ಲ. ಯುದ್ಧ ಮುಗಿದು ಕೊನೆಯ ರೋಗಿಗಳು ಹೊರಟ ಮೇಲೆಯೇ ಸ್ಕುಟಾರಿಯನ್ನು ಬಿಟ್ಟಳು. ಸ್ವಾಗತದ ಮೆರವಣಿಗೆಗಳಿಂದ ತಪ್ಪಿಸಿಕೊಂಡು 1856ರ ಆಗಸ್ಟಿನಲ್ಲಿ ಯಾರಿಗೂ ತಿಳಿಸದೆ ರೈಲಿನಿಂದಿಳಿದು ನಡೆದೇ ಮನೆಯನ್ನು ಸೇರಿದಳು.

ದೇಶ ಆಕೆಯನ್ನು ದೇವತೆಯೆಂದು ಕೊಂಡಾಡುತ್ತಿತ್ತು. ಆಕೆಯ ಕಣ್ಣೆದುರಿಗಿದ್ದುದು ಸ್ಕುಟಾರಿಯ ಸ್ಮಶಾನ. ಸೈನಿಕರು ಸತ್ತದ್ದು ತಡವಾಗಿ ಬಂದದ್ದರಿಂದ, ಅನ್ನ ಬಟ್ಟೆಗಳಿಲ್ಲದೆ ಬಳಲಿದ್ದರಿಂದ ಎಂದೇ ಆಕೆ ಯುದ್ಧಕಾಲದಲ್ಲಿ ಬಹುಮಟ್ಟಿಗೆ ನಂಬಿದ್ದಳು. ಹಿಂದಿರುಗಿದ ಮೇಲೆ, ಇಂಗ್ಲೆಂಡಿನ ಜನನ ಮರಣಗಳ ಲೆಕ್ಕವಿಡುತ್ತಿದ್ದ ಡಾಕ್ಟರ್ ವಿಲಿಯಂ ಫಾರ್ ಅವರೊಡನೆ ಕುಳಿತು ಒಂದೊಂದು ಆಸ್ಪತ್ರೆಯ ಲೆಕ್ಕವನ್ನೂ ತಿಂಗಳು ತಿಂಗಳಾಗಿ ಬಿಡಿಸಿದಾಗ ಕಠೋರ ಸತ್ಯವೊಂದು ಮೇಲೆದ್ದು ಬಂದಿತು. ರಣರಂಗದ ಹತ್ತಿರದ ಮುರುಕು ಡೇರೆ ಆಸ್ಪತ್ರೆಗಳಿಗಿಂತ, ತಾನು ದೀಪ ಹಿಡಿದು ನಡೆದ ಸ್ಕುಟಾರಿಯಲ್ಲಿ ಸಾವು ಹೆಚ್ಚಾಗಿತ್ತು. ಡೇರೆಯಲ್ಲಿ ಚಳಿಯಿತ್ತು, ಗಾಳಿಯೂ ಇತ್ತು. ಸ್ಕುಟಾರಿಯಲ್ಲಿ ಮೇಲೆ ಮಾಡಿತ್ತು, ಕೆಳಗೆ ಚರಂಡಿಯಿತ್ತು. ತಾನು ಒಗೆಸಿದ ಬಟ್ಟೆ, ಉಣಿಸಿದ ಅನ್ನ ಯಾವುವೂ ಅಲ್ಲಿ ಸಾಲದೆ ಹೋಗಿದ್ದವು. ಆ ಚಳಿಗಾಲ ಸುಮಾರು ನಾಲ್ಕು ಸಾವಿರ ಮಂದಿ ಅಲ್ಲಿ ಸತ್ತಿದ್ದರು.

ಜನ ಪೂಜಿಸುತ್ತಿರುವಾಗ ತನ್ನ ಕೀರ್ತಿಯನ್ನು ಕುಗ್ಗಿಸುವ ಲೆಕ್ಕವನ್ನು ಮುಚ್ಚಿಡುವುದು ಸುಲಭ. ನೈಟಿಂಗೇಲ್ ಅದನ್ನು ಅಚ್ಚುಹಾಕಿಸಲು ಹೊರಟಳು. 1857ರಲ್ಲಿ ಸೈನ್ಯದ ಆರೋಗ್ಯವನ್ನು ಕುರಿತ ರಾಯಲ್ ಆಯೋಗವೊಂದು ನೇಮಕವಾಗುವಂತೆ ಮಾಡಿ, ಅದಕ್ಕಾಗಿ ಹಗಲಿರುಳು ದುಡಿದು, 1858ರಲ್ಲಿ ನೂರಾರು ಪುಟಗಳ ತನ್ನ ವರದಿಯನ್ನು ಮುಗಿಸಿದಳು. ಅಂಕಿಗಳ ಪಟ್ಟಿಯನ್ನು ಮಂತ್ರಿಗಳು ಓದುವುದಿಲ್ಲವೆಂಬುದು ಆಕೆಗೆ ಗೊತ್ತಿತ್ತು. ಅದಕ್ಕಾಗಿ ಹನ್ನೆರಡು ತಿಂಗಳುಗಳನ್ನು ಹನ್ನೆರಡು ದಳಗಳಂತೆ ವೃತ್ತಾಕಾರದಲ್ಲಿ ಜೋಡಿಸಿದ ಬಣ್ಣದ ನಕ್ಷೆಯೊಂದನ್ನು ರಚಿಸಿದಳು. ಗಾಯದಿಂದ ಸತ್ತವರಿಗೆ ಕೆಂಪು, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರಿಗೆ ನೀಲಿ. ನಡುವೆ ಚಿಕ್ಕ ಕೆಂಪು ಮೊಗ್ಗು, ಸುತ್ತಲೂ ಹರಡಿದ ನೀಲಿಯ ಮಹಾದಳ. ಅಕ್ಷರ ಬಾರದವನಿಗೂ ಶತ್ರು ಯಾರೆಂಬುದು ತಿಳಿಯುವಂತಿತ್ತು. ಶಾಂತಿಕಾಲದಲ್ಲಿ, ಇಂಗ್ಲೆಂಡಿನಲ್ಲಿಯೇ, ಸೈನ್ಯದ ವಸತಿಗಳಲ್ಲಿರುವ ಯುವಕರ ಸಾವು ಊರಿನ ಯುವಕರ ಸಾವಿಗಿಂತ ಸುಮಾರು ಇಮ್ಮಡಿ ಎಂಬುದನ್ನೂ ಆಕೆ ತೋರಿಸಿಕೊಟ್ಟಳು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ತನ್ನ ಸದಸ್ಯಳನ್ನಾಗಿ ಆರಿಸಿತು. ಆ ಗೌರವವನ್ನು ಪಡೆದ ಮೊದಲ ಸ್ತ್ರೀ ಆಕೆಯೇ.

ಸರ್ಕಾರಕ್ಕೆ ಹೇಳಬೇಕಾದುದನ್ನು ಹೇಳಿದ ಮೇಲೆ ಮನೆಮನೆಯ ತಾಯಂದಿರಿಗೆ ಹೇಳಬೇಕಾದುದನ್ನು ಒಂದು ಚಿಕ್ಕ ಪುಸ್ತಕವಾಗಿ ಬರೆದಳು. 1859ರ ಕೊನೆಯಲ್ಲಿ ಹೊರಬಂದ ‘ನೋಟ್ಸ್ ಆನ್ ನರ್ಸಿಂಗ್’ ಎಂಬ ಆ ಪುಸ್ತಕದ ಮೊದಲ ಅಧ್ಯಾಯ ಔಷಧವನ್ನು ಕುರಿತದ್ದಲ್ಲ, ಗಾಳಿಯನ್ನು ಕುರಿತದ್ದು. ರೋಗಿಯನ್ನು ಚಳಿಗೆ ಒಡ್ಡದೆ, ಆತ ಉಸಿರಾಡುವ ಗಾಳಿಯನ್ನು ಹೊರಗಿನ ಗಾಳಿಯಷ್ಟೇ ಶುದ್ಧವಾಗಿ ಇಡುವುದು ದಾದಿಯ ಪ್ರಥಮ ಕರ್ತವ್ಯವೆಂದು ಆಕೆ ನಿಯಮಿಸಿದಳು. ಗಾಳಿ ಬರಬೇಕಾದದ್ದು ಹೊರಗಿನಿಂದ. ಓಣಿಯಿಂದಾಗಲಿ ಪಕ್ಕದ ಕೋಣೆಯಿಂದಾಗಲಿ ಬಂದದ್ದು ಬಳಸಿ ಬಿಟ್ಟ ಗಾಳಿ. ಆದುದರಿಂದ ಬಾಗಿಲನ್ನು ಮುಚ್ಚಿ, ಕಿಟಕಿಯನ್ನು ತೆರೆಯಬೇಕು. ಕಿಟಕಿಯನ್ನು ಮೇಲುಭಾಗದಲ್ಲಿ ತೆರೆದರೆ ಬೀಸುಗಾಳಿ ನೇರವಾಗಿ ರೋಗಿಗೆ ತಾಗದು. ರಾತ್ರಿಯ ಗಾಳಿ ಕೆಟ್ಟದ್ದೆಂದು ಅಂಜುವವರಿಗೆ, ರಾತ್ರಿ ಉಸಿರಾಡಲು ರಾತ್ರಿಯ ಗಾಳಿಯಲ್ಲದೆ ಬೇರೆ ಯಾವುದಿದೆ ಎಂಬ ಸರಳವಾದ ತರ್ಕವನ್ನು ಮುಂದಿಟ್ಟಳು; ಆಯ್ಕೆಯಿರುವುದು ಹೊರಗಿನ ಶುದ್ಧ ರಾತ್ರಿಗಾಳಿಗೂ ಒಳಗಿನ ಕೊಳೆತ ರಾತ್ರಿಗಾಳಿಗೂ ನಡುವೆ ಮಾತ್ರ.

ಬಟ್ಟೆಯ ವಿಷಯದಲ್ಲಿಯೂ ಆಕೆಯ ಮಾತು ಅಷ್ಟೇ ನೇರ. ಒದ್ದೆ ಟವಲನ್ನು ರೋಗಿಯ ಕೋಣೆಯಲ್ಲಿ ಒಣಹಾಕಿದರೆ ಅದರ ತೇವವೆಲ್ಲ ಹೋಗುವುದು ರೋಗಿಯ ಗಾಳಿಗೆ. ಆದುದರಿಂದ ಆ ಕೋಣೆಯಲ್ಲಿ ಯಾವ ಬಟ್ಟೆಯನ್ನೂ ಒಣಗಿಸಕೂಡದು, ಅಲ್ಲಿಯ ಬೆಂಕಿಯ ಮೇಲೆ ಏನನ್ನೂ ಬೇಯಿಸಕೂಡದು. ಒಗೆದ ಹೊದಿಕೆಯಲ್ಲಿ ತೇವ ಉಳಿದೀತೆಂದು ಜನ ಅದನ್ನು ಬಿಸಿಗೆ ಹಿಡಿದು ಒಣಗಿಸುತ್ತಾರೆ; ಆದರೆ ರೋಗಿಯ ಬೆವರನ್ನೂ ಮೈಯ ಕಶ್ಮಲವನ್ನೂ ರಾತ್ರಿಯೆಲ್ಲ ಹೀರಿದ ಹೊದಿಕೆಯನ್ನು ಗಾಳಿಗೆ ಹಾಕುವುದನ್ನು ಮರೆಯುತ್ತಾರೆ. ಶುದ್ಧ ನೀರಿನ ತೇವಕ್ಕೆ ಅಂಜುವವರು ಹೊಲಸಿನ ತೇವಕ್ಕೆ ಅಂಜದಿರುವುದನ್ನು ಆಕೆ ಎತ್ತಿ ತೋರಿಸಿದಳು. ದಪ್ಪ ಹತ್ತಿಯ ಹೊದಿಕೆ ಬೇಡ, ಹಗುರಾದ ಕಂಬಳಿ ಇರಲಿ. ಕೆಳಗೆ ಗಾಳಿ ಆಡುವ ಕಬ್ಬಿಣದ ಮಂಚವಿರಲಿ. ಹಾಸಿಗೆ ಕಿಟಕಿಯ ಬಳಿಯಿದ್ದು ಮಲಗಿದವನಿಗೆ ಆಕಾಶ ಕಾಣಲಿ. ಒಣಬಟ್ಟೆಯಿಂದ ಧೂಳು ಹೊಡೆದರೆ ಅದು ಜಾಗ ಬದಲಾಯಿಸುತ್ತದೆಯೇ ಹೊರತು ಹೋಗುವುದಿಲ್ಲ, ಆದುದರಿಂದ ಒದ್ದೆಬಟ್ಟೆಯಿಂದ ಒರೆಸಬೇಕು. ದಾದಿ ದಿನಕ್ಕೆ ಹಲವು ಬಾರಿ ಕೈ ತೊಳೆದುಕೊಳ್ಳಬೇಕು. ಇವು ಆಕೆಯ ಸೂತ್ರಗಳು. ಧೂಪ ಹಾಕಿ ದುರ್ವಾಸನೆಯನ್ನು ಮರೆಸುವುದರಲ್ಲಿ ಆಕೆಗೆ ನಂಬಿಕೆಯಿರಲಿಲ್ಲ. ವಾಸನೆಯನ್ನು ಮುಚ್ಚಬಾರದು, ಅದರ ಮೂಲವನ್ನು ತೆಗೆಯಬೇಕು.

ಶಾಲೆಗಳನ್ನು ನಡೆಸುವವರು ಆ ಪುಸ್ತಕದ ಒಂದು ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಗಾಳಿಯಲ್ಲಿರುವ ಕಶ್ಮಲವನ್ನು ಅಳೆಯುವ ಒಂದು ವಿಧಾನವನ್ನು ಡಾಕ್ಟರ್ ಆಂಗಸ್ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞರು ಆಗ ಕಂಡುಹಿಡಿದಿದ್ದರು. ಅದು ಉಷ್ಣಮಾಪಕದಷ್ಟು ಸುಲಭವಾಗಿ ಪ್ರತಿ ಮಲಗುವ ಕೋಣೆಯಲ್ಲಿಯೂ ಇರಬೇಕೆಂದು ಆಕೆ ಆಶಿಸಿದಳು. ಮಕ್ಕಳು ಕಿಕ್ಕಿರಿದ ಶಾಲೆಯ ಕೊಠಡಿಗಳಲ್ಲಿ, ವಿದ್ಯಾರ್ಥಿನಿಲಯದ ಮಲಗುವ ಮನೆಗಳಲ್ಲಿ ಬೆಳಗಿನ ಹೊತ್ತು ಅಂಥ ಮಾಪಕವಿದ್ದರೆ ಅದು ಎಂಥ ಕಥೆಯನ್ನು ಹೇಳೀತು, ತಂದೆತಾಯಿಗಳು ಆ ಮಾಪಕವನ್ನು ನೋಡಿ ಮಕ್ಕಳನ್ನು ಶಾಲೆಗೆ ಸೇರಿಸುವುದೋ ಬೇಡವೋ ಎಂದು ನಿರ್ಧರಿಸುವ ಕಾಲ ಬರಬಾರದೆ ಎಂದು ಕೇಳಿದಳು. ಪುಸ್ತಕ ಸಾವಿರಗಟ್ಟಲೆ ಮಾರಾಟವಾಯಿತು. ದುಡಿಯುವ ಬಡವರಿಗಾಗಿ ಅದರ ಅಗ್ಗದ ಆವೃತ್ತಿಯೊಂದು 1861ರಲ್ಲಿ, ಕೂಸುಗಳ ಆರೈಕೆಯ ಹೊಸ ಅಧ್ಯಾಯದೊಡನೆ, ಬಂದಿತು.

ಯುದ್ಧಕಾಲದಲ್ಲಿ ಕೃತಜ್ಞ ಜನತೆ ಆಕೆಯ ಹೆಸರಿನಲ್ಲಿ ಸುಮಾರು 44,000 ಪೌಂಡುಗಳ ನಿಧಿಯನ್ನು ಕೂಡಿಸಿತ್ತು. ಸೈನಿಕರು ತಮ್ಮ ಒಂದು ದಿನದ ಸಂಬಳವನ್ನು ಅದಕ್ಕೆ ಕೊಟ್ಟಿದ್ದರು. ಆ ಹಣದಿಂದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1860ರಲ್ಲಿ ದಾದಿಯರ ಶಾಲೆ ತೆರೆಯಿತು. ದಾನಿಗಳ ಹಣ ಕಟ್ಟಡದಲ್ಲಿ ಕರಗದೆ ಮನುಷ್ಯರನ್ನು ತಯಾರುಮಾಡುವುದಕ್ಕೆ ವಿನಿಯೋಗವಾಗಬೇಕೆಂಬುದು ಆಕೆಯ ಸಂಕಲ್ಪ. ಅಲ್ಲಿ ಕಲಿತವರು ಮುಂದೆ ಅನೇಕ ದೇಶಗಳಲ್ಲಿ ಅಂಥ ಶಾಲೆಗಳನ್ನು ಕಟ್ಟಿದರು. ಕುಡುಕರ ಕೆಲಸವೆನಿಸಿದ್ದ ದಾದಿವೃತ್ತಿ ಗೌರವದ ಕಾಯಕವಾಯಿತು. ಆಸ್ಪತ್ರೆಗಳ ಕಟ್ಟಡದಲ್ಲಿಯೂ ಆಕೆಯ ತತ್ತ್ವ ನೆಲೆಯೂರಿತು. ಎರಡೂ ಕಡೆ ಎದುರುಬದುರಾಗಿ ಎತ್ತರದ ಕಿಟಕಿಗಳುಳ್ಳ, ಗಾಳಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡುವ, ಸುಮಾರು 30 ಹಾಸಿಗೆಗಳ ಉದ್ದನೆಯ ವಾರ್ಡುಗಳನ್ನು ಇಂದಿಗೂ ಆಕೆಯ ಹೆಸರಿನಿಂದಲೇ ಕರೆಯುತ್ತಾರೆ. ಥೇಮ್ಸ್ ನದಿಯ ದಡದಲ್ಲಿ 1871ರಲ್ಲಿ ತೆರೆದ ಹೊಸ ಸೇಂಟ್ ಥಾಮಸ್ ಆಸ್ಪತ್ರೆಯನ್ನು ಕಟ್ಟಿದ್ದು ಈ ಮಾದರಿಯಲ್ಲಿಯೇ.

ಭಾರತವನ್ನು ಆಕೆ ಒಮ್ಮೆಯೂ ನೋಡಲಿಲ್ಲ. ಆದರೂ ನಲವತ್ತು ವರ್ಷ ಭಾರತಕ್ಕಾಗಿ ದುಡಿದಳು. ಇಲ್ಲಿಯ ಬ್ರಿಟಿಷ್ ಸೈನಿಕರ ಆರೋಗ್ಯವನ್ನು ವಿಚಾರಿಸಲು 1859ರಲ್ಲಿ ನೇಮಕವಾದ ಆಯೋಗಕ್ಕಾಗಿ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿ ದೇಶದ ಎಲ್ಲ ದಂಡುಪ್ರದೇಶಗಳಿಗೂ ಕಳುಹಿಸಿದಳು. ಬೆಂಗಳೂರು, ಬಳ್ಳಾರಿ, ಬೆಳಗಾವಿಗಳು ಆಗ ದೊಡ್ಡ ಸೈನ್ಯಗಳಿದ್ದ ಸ್ಥಳಗಳು. ನೀರು ಎಲ್ಲಿಂದ ಬರುತ್ತದೆ, ಚರಂಡಿ ಇದೆಯೆ, ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ ಎಂಬಂಥ ಪ್ರಶ್ನೆಗಳಿಗೆ ಉತ್ತರಗಳು ಪೆಟ್ಟಿಗೆಗಟ್ಟಲೆ ಬಂದವು. ವರ್ಷಕ್ಕೆ ಸಾವಿರಕ್ಕೆ 69 ಸೈನಿಕರು ಸಾಯುತ್ತಿದ್ದಾರೆಂಬುದು 1863ರ ವರದಿಯಿಂದ ಬಯಲಾಯಿತು. ತೊಗಲಿನ ಚೀಲದಲ್ಲಿ ನೀರು ಹೊರುವ ಭಿಸ್ತಿಯೇ ಮೊದಲಾದವರ ಚಿತ್ರಗಳನ್ನು ಸೇರಿಸಿ ತನ್ನ ಅಭಿಪ್ರಾಯಗಳನ್ನು ಆಕೆ ಬೇರೆಯಾಗಿ ಬರೆದಳು. ಮರುವರ್ಷವೇ ಬಂಗಾಳ, ಮದರಾಸು, ಮುಂಬಯಿಗಳಲ್ಲಿ ಆರೋಗ್ಯ ಆಯೋಗಗಳು ನೇಮಕವಾದವು. ಹತ್ತು ವರ್ಷಗಳಲ್ಲಿ ಸೈನಿಕರ ಸಾವು ಸಾವಿರಕ್ಕೆ 18ಕ್ಕೆ ಇಳಿದುದನ್ನು 1873ರಲ್ಲಿ ಲೆಕ್ಕಹಾಕಿ ತೋರಿಸಿದಳು.

ಸೈನಿಕರಿಂದ ತೊಡಗಿದ ಆಕೆಯ ಚಿಂತೆ ಕ್ರಮೇಣ ಈ ನಾಡಿನ ರೈತರ ಕಡೆಗೆ ಹರಿಯಿತು. ಮೈಸೂರು, ಬಳ್ಳಾರಿ, ಧಾರವಾಡ ಪ್ರಾಂತಗಳನ್ನೂ ಸುಟ್ಟ 1876-78ರ ಭೀಕರ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತಾಗ, ನೀರಾವರಿಯನ್ನು ಕಡೆಗಣಿಸಿದ್ದನ್ನೂ ರೈತನ ಸಾಲದ ಬವಣೆಯನ್ನೂ ಕುರಿತು 1878ರಲ್ಲಿ ತೀಕ್ಷ್ಣವಾದ ಲೇಖನವನ್ನು ಬರೆದು ಇಂಗ್ಲೆಂಡಿನ ಪ್ರಭುಗಳ ಸಿಟ್ಟಿಗೆ ಗುರಿಯಾದಳು. ಭಾರತದ ಹಳ್ಳಿಗಳ ನೈರ್ಮಲ್ಯವನ್ನು ಕುರಿತು 1894ರಲ್ಲಿ ಬುಡಾಪೆಸ್ಟಿನ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಪ್ರಬಂಧ ಕಳುಹಿಸಿದಾಗ ಆಕೆಗೆ ಎಪ್ಪತ್ತನಾಲ್ಕು ವರ್ಷ.

ಮಹಾತ್ಮರ ಚರಿತ್ರೆಯಲ್ಲಿ ಅವರ ಕೊರತೆಗಳನ್ನು ಮುಚ್ಚಿಡುವುದು ಉಚಿತವಲ್ಲ. ರೋಗಗಳೆಲ್ಲ ದುರ್ವಾಯುವಿನಿಂದಲೇ ಹುಟ್ಟುತ್ತವೆಂದು ನೈಟಿಂಗೇಲ್ ನಂಬಿದ್ದಳು. ಒಬ್ಬರಿಂದ ಒಬ್ಬರಿಗೆ ರೋಗ ಅಂಟುತ್ತದೆಂಬ ವಾದವನ್ನು ಬಹುಕಾಲ ಒಪ್ಪಲಿಲ್ಲ. ಕಾಲರಾ ನೀರಿನಿಂದ ಹರಡುತ್ತದೆಂದು ಡಾಕ್ಟರ್ ಜಾನ್ ಸ್ನೋ 1854ರಲ್ಲಿಯೇ ಲಂಡನ್ನಿನಲ್ಲಿ ತೋರಿಸಿಕೊಟ್ಟಿದ್ದರು. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲಿ ಕಂಡುಹಿಡಿದರು. ಆಕೆಯ ಮನಸ್ಸು ಆ ಕಡೆಗೆ ಹೊರಳಿದ್ದು ನಿಧಾನವಾಗಿ, ವೃದ್ಧಾಪ್ಯದಲ್ಲಿ. ದಾದಿಯರಿಗೆ ಸರ್ಕಾರಿ ನೋಂದಣಿ ಬೇಕೆಂಬ ಚಳವಳಿಯನ್ನೂ ವಿರೋಧಿಸಿದಳು. ತನ್ನೊಡನೆ ದುಡಿಯುವವರ ಆಯಾಸವನ್ನು ಲೆಕ್ಕಿಸದ ಕಾಠಿಣ್ಯವೂ ಆಕೆಯಲ್ಲಿತ್ತು. ಅನಾರೋಗ್ಯದಲ್ಲಿಯೂ ಆಕೆಯ ಕಾರ್ಯಕ್ಕಾಗಿ ದುಡಿದ ಸಿಡ್ನಿ ಹರ್ಬರ್ಟ್ 1861ರಲ್ಲಿ ಐವತ್ತನೆಯ ವಯಸ್ಸಿಗೆ ತೀರಿಕೊಂಡರು.

ಕಾರಣವನ್ನು ತಪ್ಪಾಗಿ ತಿಳಿದಿದ್ದರೂ ಆಕೆಯ ಚಿಕಿತ್ಸೆ ಏಕೆ ಫಲಿಸಿತು? ವಿಜ್ಞಾನ ಇದಕ್ಕೆ ಉತ್ತರ ಕೊಟ್ಟಿದೆ. ಸೈನ್ಯಗಳನ್ನು ಕಾಡಿದ ಟೈಫಸ್ ಜ್ವರವನ್ನು ಹರಡುವುದು ಬಟ್ಟೆಯಲ್ಲಿರುವ ಹೇನು ಎಂಬುದನ್ನು 1909ರಲ್ಲಿ ಚಾರ್ಲ್ಸ್ ನಿಕೋಲ್ ಸಿದ್ಧಪಡಿಸಿದರು. ಕುದಿಯುವ ಹಂಡೆಯಲ್ಲಿ ಹೇನೂ ಅದರ ಮೊಟ್ಟೆಯೂ ಉಳಿಯುವುದಿಲ್ಲ. ಚರಂಡಿಯನ್ನು ಶುದ್ಧಮಾಡಿದಾಗ ನೀರು ಶುದ್ಧವಾಗಿ ಕಾಲರಾ, ಅತಿಸಾರಗಳು ಇಳಿದವು. ಕ್ಷಯದಂಥ ರೋಗಗಳ ಅಣುಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ಸೇರಿ ಹೆಚ್ಚುತ್ತವೆ. ಕಿಟಕಿ ತೆರೆದರೆ ಹೊರಗಿನ ಗಾಳಿಯಲ್ಲಿ ಚದುರಿ ಕ್ಷೀಣಿಸುತ್ತವೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಬಟ್ಟೆಯ ಮೇಲಿನ ರೋಗಾಣುಗಳನ್ನು ಕೊಲ್ಲಬಲ್ಲವು. ಸಿದ್ಧಾಂತ ಹಳೆಯದಾಯಿತು, ತೆರೆದ ಕಿಟಕಿ ಹಳೆಯದಾಗಲಿಲ್ಲ. ಆಕೆ ಹುಟ್ಟಿ ಇನ್ನೂರು ವರ್ಷ ತುಂಬಿದ 2020ನ್ನು ವಿಶ್ವ ಆರೋಗ್ಯ ಸಂಸ್ಥೆ ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಸಾರಿತ್ತು. ಅದೇ ವರ್ಷ ಕೋವಿಡ್ ಮಹಾಮಾರಿ ಜಗತ್ತನ್ನು ಮುತ್ತಿದಾಗ ಇಂಗ್ಲೆಂಡಿನಲ್ಲಿ ತಾತ್ಕಾಲಿಕ ಆಸ್ಪತ್ರೆಗಳಿಗೆ ಆಕೆಯ ಹೆಸರನ್ನೇ ಇಟ್ಟರು. ಕಿಟಕಿಗಳನ್ನು ತೆರೆಯಿರಿ, ಕೈಗಳನ್ನು ತೊಳೆಯಿರಿ ಎಂಬ ಬೋಧೆ ನಮ್ಮ ಊರಿನ ಶಾಲೆಗಳವರೆಗೂ ಕೇಳಿಬಂದಿತು.

ಕ್ರಿಮಿಯದಿಂದ ಬಂದ ಮೇಲೆ ಆಕೆ ಬಹುಕಾಲ ಹಾಸಿಗೆ ಹಿಡಿದೇ ಇದ್ದಳು. ಲಂಡನ್ನಿನ ಸೌತ್ ಬೀದಿಯ ಮನೆಯ ಕೋಣೆಯೇ ಆಕೆಯ ಕಚೇರಿಯಾಯಿತು. ಮಂತ್ರಿಗಳು, ವೈಸರಾಯಿಗಳು ಅಲ್ಲಿಗೇ ಬಂದು ಕಂಡುಹೋಗುತ್ತಿದ್ದರು. ಕೊನೆಗಾಲದಲ್ಲಿ ಕಣ್ಣು ಕಾಣದಾಯಿತು, ನೆನಪು ಮಾಸಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ಮಹಾಪದವಿ ಮೊದಲ ಬಾರಿಗೆ ಒಬ್ಬ ಸ್ತ್ರೀಗೆ, ಆಕೆಗೆ, ಸಂದಾಗ ಅದರ ಅರಿವು ಆಕೆಗೆ ಎಷ್ಟಾಯಿತೋ ದೇವರೇ ಬಲ್ಲ. 1910ರ ಆಗಸ್ಟ್ 13ರಂದು ನಿದ್ರೆಯಲ್ಲಿ ಕಣ್ಮುಚ್ಚಿದಳು. ರಾಜಮಹಾರಾಜರು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿಯ ಗೌರವವನ್ನು ನೀಡಲು ದೇಶ ಮುಂದೆ ಬಂದಾಗ ಬಂಧುಗಳು ಆಕೆಯ ಇಚ್ಛೆಯನ್ನು ನೆನೆದು ಬೇಡವೆಂದರು. ಹ್ಯಾಂಪ್‌ಷೈರಿನ ಈಸ್ಟ್ ವೆಲೋ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ, ತಂದೆತಾಯಿಗಳ ಬಳಿ, ಆಕೆಯನ್ನು ಮಣ್ಣುಮಾಡಿದರು. ಕಲ್ಲಿನ ಮೇಲೆ ಪೂರ್ಣ ಹೆಸರೂ ಇಲ್ಲ. ಹೆಸರಿನ ಎರಡು ಮೊದಲಕ್ಷರ, ಹುಟ್ಟಿದ ಮತ್ತು ಸತ್ತ ದಿನಗಳು ಅಷ್ಟೇ.

ಆಕೆಯ ದಯೆಯನ್ನು ಹೊಗಳುವವರು ಅನೇಕರು. ಆ ದಯೆ ಫಲಿಸಿದ್ದು ಲೆಕ್ಕಕ್ಕೆ ತಲೆಬಾಗಿದಾಗ. ತನ್ನ ಸೇವೆ ಎಲ್ಲಿ ಸಾಲದಾಯಿತೆಂದು ತಾನೇ ಎಣಿಸಿ ನೋಡುವ ಧೈರ್ಯ ಎಲ್ಲ ಸೇವಾವ್ರತಿಗಳಿಗೂ ಸುಲಭವಾಗಿ ಬರುವಂಥದಲ್ಲ. ವಿದ್ಯಾರ್ಥಿನಿಲಯದ ಕಿಟಕಿಗಳು ರಾತ್ರಿ ತೆರೆದಿವೆಯೆ, ಮಕ್ಕಳ ಹಾಸಿಗೆಗಳು ಬಿಸಿಲು ಕಂಡು ಎಷ್ಟು ದಿನವಾಯಿತು, ಒದ್ದೆ ಬಟ್ಟೆಗಳು ಮಲಗುವ ಮನೆಯ ಹಗ್ಗದ ಮೇಲೆ ನೇತಾಡುತ್ತಿಲ್ಲವಷ್ಟೆ ಎಂದು ಬೆಳಗಿನ ಹೊತ್ತು ಒಮ್ಮೆ ಸುತ್ತಿ ನೋಡುವ ಉಪಾಧ್ಯಾಯರು, ಕಟ್ಟಡಕ್ಕೆ ಹಣ ಕೊಡುವಾಗ ಕಿಟಕಿಗಳು ಎಷ್ಟೆಂದು ಕೇಳುವ ದಾನಿಗಳು ಆ ಮಹಾತಾಯಿಯ ಸ್ಮರಣೆಯನ್ನು ಯಾವ ಶಿಲಾಸ್ಮಾರಕಕ್ಕಿಂತಲೂ ಚೆನ್ನಾಗಿ ಉಳಿಸಿದಂತಾಗುತ್ತದೆ.